ಕುಮಟಾ ಈರುಳ್ಳಿಗೆ ಫ್ರಿಜ್ಜಿನ ಉಪ್ಪಿನಕಾಯಿ: ನನ್ನ ಅನುಭವ

ಕುಮಟಾ ಈರುಳ್ಳಿಯನ್ನು ಮಿಡಿ ಉಪ್ಪಿನಕಾಯಿಯ ಹಾಗೆ ಉಪ್ಪು, ಸಾಸಿವೆ, ಖಾರ ಹಾಕಿ ಭರಣಿಗೆ ತುಂಬಿದರೆ ಅದರ ಸಿಹಿ ಉಳಿಯುವುದಿಲ್ಲ. ಉಪ್ಪು ಅದರ ನೀರನ್ನೆಲ್ಲ ಎಳೆದುಕೊಂಡು, ಕೊನೆಗೆ ಕೈಗೆ ಬರುವುದು ಖಾರದಲ್ಲಿ ಮುಳುಗಿದ ಮೆತ್ತನೆಯ ಹೋಳು. ಹಾಗಂತ ಗೊಂಚಲನ್ನು ಅಡುಗೆಮನೆಯ ಜಂತಿಗೆ ತೂಗುಹಾಕಿ ಇಟ್ಟುಕೊಂಡರೂ, ಮಳೆ ಹಿಡಿದ ಮೇಲೆ ಶಿರಸಿಯ ತಂಡಿಯಲ್ಲಿ ಒಂದು ಮೊಳಕೆ ಬರುತ್ತದೆ, ಮತ್ತೊಂದು ಕೊಳೆಯುತ್ತದೆ. ನೀರಿನಂಶ ಜಾಸ್ತಿ ಇರುವ ಸಿಹಿ ಈರುಳ್ಳಿಯ ಗುಣವೇ ಅದು. ಮಳೆಗಾಲದಲ್ಲೂ ಈ ರುಚಿ ಬೇಕು ಅನ್ನುವವರಿಗೆ ನಾನು ಹೇಳುವುದು ವಿನೆಗರ್ ನೀರಲ್ಲಿ ಮುಳುಗಿಸಿಡುವ ಫ್ರಿಜ್ಜಿನ ಉಪ್ಪಿನಕಾಯಿ. ಎಣ್ಣೆ ಬೇಡ, ಬಿಸಿಲು ಬೇಡ, ತಿಂಗಳುಗಟ್ಟಲೆ ಕಾಯುವುದೂ ಬೇಡ.

ನನ್ನ ತವರು ಕುಮಟೆ, ಗಂಡನ ಮನೆ ಶಿರಸಿ ಕಡೆ. ಬೇಸಿಗೆಯಲ್ಲಿ ತವರಿಗೆ ಹೋದಾಗ ಅಳ್ವೇಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ತೂಗುಹಾಕಿ ಮಾರುವ ಗೊಂಚಲುಗಳನ್ನು ಕೊಂಡು, ದೇವಿಮನೆ ಘಟ್ಟ ಹತ್ತಿಸಿಕೊಂಡು ಬರುತ್ತೇನೆ. ಇಲ್ಲಿ ಅತ್ತೆಯದು ಅಪ್ಪೆಮಿಡಿಯ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಲೋಕ. ಮಿಡಿ ಚಿರುಟುವಷ್ಟು ಉಪ್ಪು, ಒರೆಸಿ ಒಣಗಿಸಿದ ಭರಣಿ, ಒಣ ಸೌಟು, ಹನಿ ನೀರೂ ತಾಗದ ಕೈ. ನಾನು ವಿನೆಗರಿಗೆ ನೀರು ಬೆರೆಸುವುದನ್ನು ಮೊದಲ ಸಲ ನೋಡಿದಾಗ ಅವರು, “ಕೂಸೇ, ಉಪ್ಪಿನಕಾಯಿಗೆ ನೀರು ಹಾಕಿರೆ ಬೂಸಲು ಬತ್ತು” ಅಂದರು. ಅವರ ಮಾತು ಭರಣಿಯ ಉಪ್ಪಿನಕಾಯಿಗೆ ನೂರಕ್ಕೆ ನೂರು ಸರಿ. ಅಲ್ಲಿ ಕಾಯುವುದು ಉಪ್ಪು. ಉಪ್ಪು ತೆಳುವಾದರೆ ಕಾವಲೇ ಹೋಯಿತು. ಫ್ರಿಜ್ಜಿನದರಲ್ಲಿ ಉಪ್ಪು ಬರೀ ರುಚಿಗೆ. ಕಾಯುವುದು ಹುಳಿ ಮತ್ತು ತಂಪು. ಇವೆರಡರಲ್ಲಿ ಒಂದನ್ನೂ ಸಡಿಲ ಬಿಡುವಂತಿಲ್ಲ.

ಈ ಹುಳಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರದೇಶದ ಪಾಕವಿಧಾನಗಳಲ್ಲಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಅಂತ ಇರುತ್ತದೆ. ಅವರ ವಿನೆಗರಿನಲ್ಲಿ ಆಮ್ಲದ ಅಂಶ ಸಾಮಾನ್ಯವಾಗಿ ಶೇ. 5. ಸಮಪಾಲು ನೀರು ಸೇರಿದರೂ ಶೇ. 2.5 ಉಳಿಯುತ್ತದೆ. ನಮ್ಮ ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸಾಮಾನ್ಯವಾಗಿ ಶೇ. 4ರ ಆಸುಪಾಸಿನದು. ಅದಕ್ಕೂ ಸಮಪಾಲು ನೀರು ಹಾಕಿದರೆ ಹುಳಿ ಶೇ. 2ಕ್ಕೆ ಇಳಿಯುತ್ತದೆ. ಅದಕ್ಕೇ ನಾನು ಎರಡು ಪಾಲು ವಿನೆಗರಿಗೆ ಒಂದೇ ಪಾಲು ನೀರು ಹಾಕುತ್ತೇನೆ, ಆಗ ಶೇ. 4ರ ವಿನೆಗರ್ ಆದರೆ ಹುಳಿ ಶೇ. 2.6ಕ್ಕಿಂತ ಕೆಳಗೆ ಹೋಗುವುದಿಲ್ಲ. ಬಾಟಲಿಯ ಚೀಟಿ ಓದಿಯೇ ಕೊಳ್ಳಿ. ನೀರು ಬೆರೆಸದ ಗಟ್ಟಿ ಅಸಿಟಿಕ್ ಆಮ್ಲವನ್ನಂತೂ ಅಡುಗೆಮನೆಗೆ ತರಲೇಬೇಡಿ, ಅದು ಚರ್ಮ ಸುಡುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಈರುಳ್ಳಿ ಬೆಳ್ಳುಳ್ಳಿ ಮಣ್ಣೊಳಗೆ ಬೆಳೆಯುವಂಥವು, ತಾವಾಗಿ ಹುಳಿ ಇಲ್ಲದವು. ಬೊಟುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಾಣು ಮಣ್ಣಿನಲ್ಲೇ ಇರುತ್ತವೆ, ಗಾಳಿ ಇಲ್ಲದ ಕಡೆ ಬೆಳೆಯುತ್ತವೆ. ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಮಾತ್ರ ಅವು ತಲೆ ಎತ್ತುವುದಿಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಈ ಫ್ರಿಜ್ಜಿನ ಉಪ್ಪಿನಕಾಯಿಗೆ ಮೇಲಿಂದ ಒಗ್ಗರಣೆ ಎಣ್ಣೆ ಸುರಿಯುವ ಅಭ್ಯಾಸವನ್ನೂ ಬಿಡಿ. ಹೋಳಿಗೆ ಎಣ್ಣೆ ಮೆತ್ತಿಕೊಂಡರೆ ಹುಳಿ ಒಳಗಿಳಿಯುವುದು ತಡವಾಗುತ್ತದೆ. ಒಗ್ಗರಣೆಯ ಪರಿಮಳ ಬೇಕಿದ್ದವರು ಬಡಿಸುವಾಗ ಬಟ್ಟಲಿಗೇ ಹಾಕಿಕೊಳ್ಳಲಿ. “ವಿನೆಗರ್ ಬದಲು ಬಿಂಬುಲಿ ರಸ, ಮುರುಗಲ ಹುಳಿ ಆಗದೇ?” ಅಂತ ನೆಂಟರು ಕೇಳುತ್ತಾರೆ. ಬಿಂಬುಲಿ, ಮುರುಗಲು (ಪುನರ್ಪುಳಿ) ಎರಡೂ ಹುಳಿ ಹಣ್ಣುಗಳೇ, ಆದರೆ ಅವುಗಳ ಹುಳಿ ಹಣ್ಣಿಂದ ಹಣ್ಣಿಗೆ ಬೇರೆ, ಅಳೆದು ನಂಬುವ ಹಾಗಿಲ್ಲ. ವಿನೆಗರನ್ನು ಅಷ್ಟೇ ಇಟ್ಟು, ಬಣ್ಣಕ್ಕೆ, ಪರಿಮಳಕ್ಕೆ ನಾಲ್ಕು ಮುರುಗಲ ಸಿಪ್ಪೆ ಸೇರಿಸುವುದುಂಟು. ಅದು ತುಂಬಾ ಚೆನ್ನಾಗಿರುತ್ತದೆ.

ಈಗ ಮಾಡುವ ಕ್ರಮ. ಅರ್ಧ ಕಿಲೋ ಈರುಳ್ಳಿಗೆ 300 ಮಿ.ಲೀ. ವಿನೆಗರ್, 150 ಮಿ.ಲೀ. ನೀರು, 15 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ. ಬೇರೆ ಈರುಳ್ಳಿಗಾದರೆ ಸಕ್ಕರೆ ಇದಕ್ಕಿಂತ ಜಾಸ್ತಿ ಬೇಕು. ಜೋನಿಬೆಲ್ಲ (ನೀರುಬೆಲ್ಲ) ಹಾಕಿದರೆ ರುಚಿಗೇನೂ ಕೊರತೆಯಿಲ್ಲ, ಬಣ್ಣ ಮಾತ್ರ ಕಂದಾಗುತ್ತದೆ. ಉಪ್ಪು ನನ್ನ ಮನೆಯಲ್ಲಿ ಸಾಣಿಕಟ್ಟೆಯ ಹರಳುಪ್ಪು. ಪ್ಯಾಕೆಟ್ಟಿನ ಪುಡಿಯುಪ್ಪು ಗಂಟು ಕಟ್ಟದಿರಲೆಂದು ಬೆರೆಸಿರುವ ವಸ್ತುವಿನಿಂದ ನೀರು ಮಬ್ಬಾಗುತ್ತದೆ. ಕೆಡುಕೇನಿಲ್ಲ, ನೋಟಕ್ಕೆ ಚೆಂದವಿಲ್ಲ ಅಷ್ಟೆ. ಹರಳುಪ್ಪನ್ನು ಚಮಚದಲ್ಲಿ ಅಳೆಯದೆ ತೂಕ ಮಾಡಿ, ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಕುದಿಸಲು ಸ್ಟೀಲ್ ಪಾತ್ರೆಯೇ ಆಗಬೇಕು. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆಗಳನ್ನು ವಿನೆಗರ್ ತಿನ್ನುತ್ತದೆ.

ಹೆಚ್ಚುವುದರಲ್ಲಿ ಅರ್ಧ ರುಚಿ ಇದೆ. ಈರುಳ್ಳಿಯನ್ನು ಬುಡದಿಂದ ತುದಿಗೆ ಸೀಳಿ, ಅದೇ ಉದ್ದಕ್ಕೆ ಎಳೆಎಳೆಯಾಗಿ ಹೆಚ್ಚುತ್ತೇನೆ. ಅಡ್ಡ ಹೆಚ್ಚಿದ ಬಳೆಗಳು ಬೇಗ ಮೆತ್ತಗಾಗುತ್ತವೆ, ಉದ್ದ ಎಳೆ ಕರುಂಕುರುಂ ಉಳಿಯುತ್ತದೆ. ಕುಮಟಾ ಈರುಳ್ಳಿಯ ಪದರ ದಪ್ಪ, ಚಾಕು ಇಳಿದ ಕೂಡಲೇ ಹಾಲಿನಂಥ ರಸ ಜಿನುಗುತ್ತದೆ, ಕಣ್ಣು ಅಷ್ಟಾಗಿ ಉರಿಯುವುದಿಲ್ಲ. ಮೊದಲ ಈರುಳ್ಳಿಯ ಹೊರಗಿನ ಅಗಲವಾದ ಪದರವೊಂದನ್ನು ಇಡಿಯಾಗಿ ಬಿಡಿಸಿ ಬದಿಗಿಡಿ. ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಹೋಳು ತುಂಬಿ, ನಡುನಡುವೆ ಹತ್ತು ಕಾಳುಮೆಣಸು, ಸೀಳಿದ ಮೂರು ಜೀರಿಗೆಮೆಣಸು (ಸಣ್ಣ ಖಾರದ ಮೆಣಸು), ಅರ್ಧ ಚಮಚ ಸಾಸಿವೆ, ಎರಡು ಎಸಳು ಬೆಳ್ಳುಳ್ಳಿ. ಉಪ್ಪು ಸಕ್ಕರೆ ಕರಗಿ ಒಂದು ಕುದಿ ಬಂದ ವಿನೆಗರ್ ನೀರನ್ನು ಒಲೆಯಿಂದ ಇಳಿಸಿ, ಬಿಸಿ ಇರುವಾಗಲೇ ಹೊಯ್ಯಿರಿ. ತೆಗೆದಿಟ್ಟ ಪದರವನ್ನು ಮೇಲೆ ಕವುಚಿ ಒತ್ತಿದರೆ ಹೋಳುಗಳು ತೇಲಿ ಬರುವುದಿಲ್ಲ. ಬೂಸಲು ಬರುವುದು ನೀರಿನ ಮೇಲೆ ತಲೆ ಹಾಕಿದ ಹೋಳಿಗೇ. ಬಿಸಿ ಆರುತ್ತ ಬಂದಂತೆ ಈರುಳ್ಳಿಯ ಮಂಕು ಕೆಂಪು ಹುಳಿಗೆ ತಿರುಗಿ ಎದ್ದು ಕಾಣುವ ಗುಲಾಬಿಯಾಗುತ್ತದೆ. ಬೆಳ್ಳುಳ್ಳಿ ನೀಲಿ ಹಸಿರಾದರೆ ಗಾಬರಿ ಬೇಡ, ಅದರೊಳಗಿನ ಗಂಧಕದ ಅಂಶ ಹುಳಿಯೊಡನೆ ಸೇರಿ ಹಾಗಾಗುತ್ತದೆ, ತಿನ್ನಬಹುದು.

ಮುಚ್ಚಳ ಪ್ಲಾಸ್ಟಿಕ್‌ದಿರಲಿ, ತಗಡಿನದು ತುಕ್ಕು ಹಿಡಿಯುತ್ತದೆ. ಆರಿದ ಕೂಡಲೇ ಫ್ರಿಜ್ಜಿಗೆ, ಅದೂ ಬಾಗಿಲಿನ ಗೂಡಿಗಲ್ಲ, ಒಳಗೆ ಹಿಂಬದಿಗೆ. ಬಾಗಿಲು ತೆರೆದಾಗೆಲ್ಲ ಮೊದಲು ಬೆಚ್ಚಗಾಗುವುದು ಆ ಗೂಡು. ಮರುದಿನ ತಿನ್ನಬಹುದು, ಮೂರನೆಯ ದಿನಕ್ಕೆ ಹದ. ಎರಡು ಮೂರು ವಾರದೊಳಗೆ ಮುಗಿಸುವುದು ಒಳ್ಳೆಯದು. ಬಾಟಲಿಯ ಮೇಲೆ ಮಾಡಿದ ತಾರೀಕು ಬರೆದು ಅಂಟಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು. ಬಾಗಿಲು ತೆರೆಯದಿದ್ದರೆ ನಾಲ್ಕು ತಾಸಿನ ಮಟ್ಟಿಗೆ ತಂಪು ನಿಲ್ಲುತ್ತದೆ. ಮರ ಬಿದ್ದು ದಿನಗಟ್ಟಲೆ ಕರೆಂಟು ಬರದ ಹೊತ್ತಿಗೆ ಅಂತಲೇ ಜೂನ್ ಆದ ಮೇಲೆ ಸಣ್ಣ ಬಾಟಲಿಗಳಲ್ಲಿ, ಸ್ವಲ್ಪ ಸ್ವಲ್ಪವೇ ಮಾಡುತ್ತೇನೆ.

ಈರುಳ್ಳಿ ವರ್ಜ್ಯವಾದ ದಿನಗಳಿಗೆ ಅಂಗಳದ ಎಳೆ ಮುಳ್ಳುಸೌತೆ ಇದೆ. ಹೂವಿನ ಕಡೆಯ ತುದಿಯನ್ನು ಕೊಯ್ದು ಎಸೆಯಿರಿ, ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವ ಇರುವುದು ಅಲ್ಲಿ. ಅದಕ್ಕೆ ಬೆಳ್ಳುಳ್ಳಿ ಬೇಡ, ಚೂರು ಶುಂಠಿ ಸಾಕು; ವಿನೆಗರ್ ನೀರನ್ನೂ ಪೂರ್ತಿ ಆರಿಸಿಯೇ ಹೊಯ್ಯಬೇಕು. ಕಳಲೆಯನ್ನು (ಎಳೆ ಬಿದಿರನ್ನು) ಮಾತ್ರ ಹಸಿಯಾಗಿ ಹಾಕಬೇಡಿ. ನೀರು ಬದಲಿಸುತ್ತ ನೆನೆಸಿ, ಬೇಯಿಸಿದ ಮೇಲೆಯೇ ಅದರ ಮಾತು.

ಹೋಳು ಮುಗಿದ ಮೇಲೆ ಉಳಿದ ಗುಲಾಬಿ ನೀರಿಗೆ ಹೊಸ ಈರುಳ್ಳಿ ಹೆಚ್ಚಿ ಹಾಕುವ ಆಸೆ ಬರುತ್ತದೆ. ಅದು ಆಗದು. ಹಳೇ ಹೋಳುಗಳು ಬಿಟ್ಟ ನೀರಿನಿಂದ ಅದರ ಹುಳಿ ಆಗಲೇ ಇಳಿದಿರುತ್ತದೆ. ನಾನು ಅದನ್ನು ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣಿನ ಬದಲು ಎರಡು ಚಮಚ ಹಾಕುತ್ತೇನೆ, ಆಗ ಕೋಸಂಬರಿಗೆ ಉಪ್ಪು ಕಮ್ಮಿ ಮಾಡಿಕೊಳ್ಳಬೇಕು.