ಇಂಗ್ಲೆಂಡಿನಲ್ಲಿ ಹಳೇ ಇಂಜಿನಿಯರ್‌ಗೆ ಹೊಸ ವೈರಿಂಗ್ ಸರ್ಟಿಫಿಕೇಟ್

ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದಿ, ಕವೆಂಟ್ರಿಗೆ ಬಂದು, ಬಹಳ ವರ್ಷ ಫ್ಯಾಕ್ಟರಿ ಪ್ಯಾನೆಲ್‌ಗಳ ಡಿಸೈನ್ ಮಾಡಿದವನು ನಾನು. ಕೈಯಲ್ಲಿದ್ದದ್ದು ಇಲ್ಲಿನ ವೈರಿಂಗ್ ನಿಯಮಗಳ ಪುಸ್ತಕದ 16ನೇ ಎಡಿಷನ್ ಸರ್ಟಿಫಿಕೇಟ್. ಈಗ ನಡೆಯುತ್ತಿರುವುದು 18ನೆಯದು, ಅಂದರೆ ಬಿಎಸ್ 7671:2018. ಅದಕ್ಕೂ 2022ರಲ್ಲಿ ಎರಡನೇ ಅಮೆಂಡ್‌ಮೆಂಟ್ ಬಂದು ಪುಸ್ತಕದ ರಟ್ಟು ಕಂದು ಬಣ್ಣವಾಯಿತು. ಇಲ್ಲಿನ ನಮ್ಮ ಹುಡುಗರು ಕೇಳುತ್ತಿರುತ್ತಾರೆ: "ಅಣ್ಣಾ, ಇಷ್ಟು ಅನುಭವ ಇಟ್ಕೊಂಡು ಮತ್ತೆ ಯಾಕೆ ಪರೀಕ್ಷೆ?" ಅವರಿಗಾಗಿಯೇ ಇದು.

ದುಡ್ಡು ಕಟ್ಟುವ ಮೊದಲು ಸರ್ಟಿಫಿಕೇಟ್ ಯಾವ ಕೆಲಸಕ್ಕೆ ಬೇಕು ಅಂತ ತೀರ್ಮಾನಿಸಿ. ಡಿಸೈನ್ ಅಥವಾ ಮೇಲ್ವಿಚಾರಣೆಗಾದರೆ ಆ ನಿಯಮಗಳ ಮೇಲಿನ ಪರೀಕ್ಷೆ, ಸಿಟಿ ಆಂಡ್ ಗಿಲ್ಡ್ಸ್ ಸಂಸ್ಥೆಯ 2382 ಸಾಕು. ಬಾಡಿಗೆ ಮನೆಗಳ ವೈರಿಂಗ್ ಪರೀಕ್ಷಿಸಿ ವರದಿ ಕೊಡಬೇಕು ಅಂದರೆ ಅದರ ಮೇಲೆ ಟೆಸ್ಟಿಂಗ್ ಕೋರ್ಸ್ ಆದ 2391-52 ಮಾಡಿ. ಮನೆ ವೈರಿಂಗನ್ನೇ ಸ್ವಂತ ಕಸುಬು ಮಾಡಿಕೊಳ್ಳುವವರು ನಮ್ಮ ಕೆಲಸಕ್ಕೆ ನಾವೇ ಸರ್ಟಿಫಿಕೇಟ್ ಕೊಡಲು ಬಿಡುವ ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಗೆ ಸೇರುವುದು ಒಳ್ಳೆಯದು. ಇಲ್ಲದಿದ್ದರೆ ಹೊಸ ಸರ್ಕ್ಯೂಟ್ ಹಾಕಿದಾಗಲೆಲ್ಲ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ಬಾಗಿಲು ತಟ್ಟಬೇಕಾಗುತ್ತದೆ.

ಪೂರ್ತಿ ಅರ್ಹತೆಯ ಎಲೆಕ್ಟ್ರಿಷಿಯನ್ ಅಂತ ತೋರಿಸುವ ಗೋಲ್ಡ್ ಕಾರ್ಡ್ ಮೇಲೆ ಕಣ್ಣಿಟ್ಟವರ ದಾರಿ ಬೇರೆ. ಅನುಭವಿ ಕೆಲಸಗಾರರ ಲೆವೆಲ್ 3 ಎನ್‌ವಿಕ್ಯೂ (ಕೆಲಸ ನೋಡಿ ಕೊಡುವ ಅರ್ಹತೆ) ಮಾಡಬೇಕು, ಎಎಂ2ಇ ಪ್ರಾಕ್ಟಿಕಲ್ ಪಾಸಾಗಬೇಕು. ಅದಕ್ಕೆ ಕೇಳುವ ಅನುಭವ ಎಲೆಕ್ಟ್ರಿಷಿಯನ್ ಆಗಿ ಮಾಡಿದ್ದಿರಬೇಕು. ಕ್ಯಾಡ್ ಮುಂದೆ ಕೂತ ವರ್ಷಗಳು ಲೆಕ್ಕಕ್ಕಿಲ್ಲ. ಡಿಗ್ರಿ ಇದ್ದವರು ಮುಖ ಸಣ್ಣ ಮಾಡಿಕೊಳ್ಳುವುದು ಇಲ್ಲೇ.

2382 ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. 60 ಪ್ರಶ್ನೆ, ಎರಡು ಗಂಟೆ. ಬಾಯಿಪಾಠ ಬೇಡ, ಯಾವುದು ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು. ರಕ್ಷಣೆಗೆ ನಾಲ್ಕನೇ ಭಾಗ, ಟೆಸ್ಟಿಂಗ್‌ಗೆ ಆರು, ಬಚ್ಚಲುಮನೆಯಂಥ ಜಾಗಗಳಿಗೆ ಏಳು. ಆದರೆ ಉತ್ತರವನ್ನು ತಲೆಯಿಂದ ಬರೆಯಬೇಡಿ, ಪುಸ್ತಕ ನೋಡಿಯೇ ಬರೆಯಿರಿ. 32 ಆಂಪ್ ಟೈಪ್ ಬಿ ಎಂಸಿಬಿಗೆ (ತಾನಾಗಿ ಟ್ರಿಪ್ ಆಗುವ ಸ್ವಿಚ್) ಅರ್ಥ್ ಲೂಪ್, ಅಂದರೆ ಫೇಸಿಂದ ಅರ್ಥ್ ಮೂಲಕ ವಾಪಸ್ ಹೋಗುವ ದಾರಿಯ ಇಂಪಿಡೆನ್ಸ್ (ಕರೆಂಟಿಗೆ ತಡೆ), ಹೆಚ್ಚೆಂದರೆ ಎಷ್ಟಿರಬಹುದು? 16ನೇ ಎಡಿಷನ್‌ನವರು 1.5 ಓಮ್ ಅನ್ನುತ್ತಾರೆ. 240 ವೋಲ್ಟನ್ನು 230 ಮಾಡಿದ ಮೇಲೆ ಅದು 1.44 ಆಯಿತು. 2015ರಿಂದ 0.95ರಿಂದ ಗುಣಿಸಿ 1.37 ಮಾಡಿದ್ದಾರೆ. ಮೂರೂ ಲೆಕ್ಕ ಸರಿಯೇ, ಆದರೆ ಅಂಕ ಸಿಗುವುದು ಒಂದಕ್ಕೇ. ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಡಿಯ ಟೆಸ್ಟೂ ಬದಲಾಗಿದೆ. ಅರ್ಧ ಪಟ್ಟು, ಐದು ಪಟ್ಟು ಅಂತ ಸುತ್ತುತ್ತಿದ್ದವರಿಗೆ ಈಗ ಅದರ ರೇಟೆಡ್ ಸೋರಿಕೆ ಕರೆಂಟ್‌ನಲ್ಲಿ ಒಂದೇ ಟೆಸ್ಟ್ ಸಾಕು.

ಕರ್ನಾಟಕದಲ್ಲಿ ಕೈ ಪಳಗಿಸಿಕೊಂಡವರು ಬಣ್ಣದ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ನಮ್ಮ ಕಡೆ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಇಲ್ಲೂ 2004ಕ್ಕೆ ಮೊದಲು ಹಾಗೇ ಇತ್ತು. ಈಗ ನೀಲಿ ನ್ಯೂಟ್ರಲ್, ಫೇಸ್‌ಗಳು ಕಂದು, ಕಪ್ಪು, ಬೂದು. ಅಂದರೆ ನಮ್ಮ ನ್ಯೂಟ್ರಲ್ ಬಣ್ಣದಲ್ಲಿ ಇಲ್ಲಿ ಕರೆಂಟಿದೆ! ಹಳೆ ಕಟ್ಟಡದಲ್ಲಿ ಎರಡೂ ಬಣ್ಣಗಳು ಒಂದೇ ಬೋರ್ಡ್‌ನಲ್ಲಿ ಸಿಗುತ್ತವೆ. ಬಣ್ಣ ನಂಬಬೇಡಿ. ಆಫ್ ಮಾಡಿ, ಲಾಕ್ ಹಾಕಿ, ಟೆಸ್ಟರ್ ಸರಿಯಿದೆಯಾ ಅಂತ ಮೊದಲು ನೋಡಿ, ಲೈನ್ ಟೆಸ್ಟ್ ಮಾಡಿ, ಮತ್ತೆ ಟೆಸ್ಟರನ್ನೇ ಟೆಸ್ಟ್ ಮಾಡಿ. ಪ್ರಾಕ್ಟಿಕಲ್‌ನಲ್ಲಿ ಪರೀಕ್ಷಕರ ಕಣ್ಣು ಮೊದಲು ಹೋಗುವುದು ಇದರ ಮೇಲೇ.

2391ಕ್ಕೆ ಹೋಗುವ ಮೊದಲು ರಿಂಗ್ ಸರ್ಕ್ಯೂಟ್ ಕೈಗೆ ಹತ್ತಿಸಿಕೊಳ್ಳಿ. ನಮ್ಮೂರಿನ ಮನೆಗಳಲ್ಲಿ ಇದನ್ನು ನೋಡಿರುವುದಿಲ್ಲ ಅಲ್ವಾ? ವೈರು ಬೋರ್ಡಿಂದ ಹೊರಟು, ಎಲ್ಲ ಸಾಕೆಟ್ ಸುತ್ತಿ, ಮತ್ತೆ ಅದೇ ಎಂಸಿಬಿಗೆ ಬರುತ್ತದೆ. 50 ಮೀಟರ್ ರಿಂಗ್, 2.5 ಚದರ ಮಿ.ಮೀ. ಫೇಸ್, ನ್ಯೂಟ್ರಲ್, 1.5ರ ಅರ್ಥ್ ಇದೆ ಅಂದುಕೊಳ್ಳಿ. ಬೋರ್ಡಲ್ಲಿ ಎರಡೂ ತುದಿ ಬಿಚ್ಚಿ ಅಳೆದರೆ ಫೇಸ್ 0.37 ಓಮ್, ನ್ಯೂಟ್ರಲ್ಲೂ ಅಷ್ಟೇ, ಅರ್ಥ್ 0.61 ಬರಬೇಕು. ಅರ್ಥ್ ವೈರು ಸಣ್ಣದು, ಅದಕ್ಕೇ ಸುಮಾರು 1.67 ಪಟ್ಟು. ಆಮೇಲೆ ಒಂದು ತುದಿಯ ಫೇಸನ್ನು ಇನ್ನೊಂದು ತುದಿಯ ನ್ಯೂಟ್ರಲ್‌ಗೆ ಅಡ್ಡ ಜೋಡಿಸಿ, ಉಳಿದ ಜೋಡಿಗೂ ಹಾಗೇ ಮಾಡಿ, ಸಾಕೆಟ್ ಸಾಕೆಟ್‌ನಲ್ಲೂ ಅಳೆಯಿರಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೀಡಿಂಗ್, 0.19ರ ಆಸುಪಾಸು. ಒಂದೊಂದು ಸಾಕೆಟ್‌ಗೂ ರೀಡಿಂಗ್ ಬದಲಾಗುತ್ತಾ ಹೋದರೆ ನೀವು ಅಡ್ಡ ಜೋಡಿಸಿಲ್ಲ, ಅದೇ ತುದಿಯ ಎರಡನ್ನು ಸೇರಿಸಿದ್ದೀರಿ. ಇದೇ ರೀತಿ ಫೇಸ್ ಮತ್ತು ಅರ್ಥ್ ಜೋಡಿಸಿದಾಗ 0.25 ಹತ್ತಿರ ಬರುತ್ತದೆ. ಮೊದಲು ಅಳೆದ ಫೇಸ್, ಅರ್ಥ್ ರೀಡಿಂಗ್ ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಬರುವುದೂ ಅದೇ. ಎಲ್ಲೋ ಒಂದು ಕಡೆ ಮಾತ್ರ ಜಾಸ್ತಿ ತೋರಿಸಿದರೆ ಅದು ರಿಂಗಿಂದ ಕವಲೊಡೆದ ಸಾಕೆಟ್, ಇಲ್ಲವೇ ಸ್ಕ್ರೂ ಸಡಿಲ.

ಇದೆಲ್ಲ ಕಾಗದದ ಮೇಲೆ ಸುಲಭ. ಅದಕ್ಕೇ 2382 ಮುಗಿಸಿದ ಮರುವಾರವೇ 2391ಕ್ಕೆ ಹಾರಬೇಡಿ. ಟೆಸ್ಟರ್ ಬಾಡಿಗೆಗೆ ಸಿಗುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಜೊತೆ ಒಂದೆರಡು ಶನಿವಾರ ಸುಮ್ನೆ ಹೋಗಿ. ಸೆಂಟರ್ ಬುಕ್ ಮಾಡುವಾಗ ಎರಡು ಕೇಳಿ: ಪರೀಕ್ಷೆ ಯಾವ ಅಮೆಂಡ್‌ಮೆಂಟ್ ಮೇಲೆ, ಮತ್ತು ಅಭ್ಯಾಸದ ಬೋರ್ಡ್ ಒಬ್ಬರಿಗೊಂದೋ, ನಾಲ್ಕು ಜನಕ್ಕೊಂದೋ. ನಾಲ್ಕು ಜನಕ್ಕೊಂದು ಅಂದರೆ ಬೇರೆ ಸೆಂಟರ್ ನೋಡಿ.