ಅಟ್ಟದ ಮೇಲಿದ್ದ ನೆಟ್‌ಬುಕ್ಕಿಗೆ ಲಿನಕ್ಸ್ ಹಾಕಿದ್ದು

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟಿನದ್ದು ಹೇಳುವ ಹಾಗಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದಿರುತ್ತದೆ, ಮೂರು ದಿನ ಕತ್ತಲೆ. ಇನ್ವರ್ಟರಿಗೆ ದೊಡ್ಡ ಕಂಪ್ಯೂಟರ್ ಸಿಕ್ಕಿಸಿದರೆ ಅಮ್ಮ ಬೈಯುತ್ತಾರೆ, ರಾತ್ರಿ ಲೈಟಿಗೆ ಉಳಿಯಲ್ಲ ಅಂತ. ಆಗ ನೆನಪಾದದ್ದು ಅಟ್ಟದ ಮೇಲಿದ್ದ ನೆಟ್‌ಬುಕ್. 2010ರಲ್ಲಿ ತಂಗಿಯ ಕಾಲೇಜಿಗೆ ಅಂತ ತಂದದ್ದು. 10.1 ಇಂಚಿನ ಪರದೆ, ಆಟಮ್ ಎನ್450 ಪ್ರೊಸೆಸರ್, 1 ಜಿಬಿ ರ‍್ಯಾಮ್. ಚಾರ್ಜರ್ ಬರೀ 40 ವ್ಯಾಟ್, ನನಗೆ ಬೇಕಾಗಿದ್ದೂ ಅದೇ.

ಕೆಲಸ ಏನಪ್ಪಾ ಅಂದರೆ, ಅಪ್ಪನ ಮಳೆ ಪುಸ್ತಕ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟ ನೋಟ್‌ಬುಕ್ಕುಗಳು ಒಂದು ಪೆಟ್ಟಿಗೆ ತುಂಬಾ ಇವೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಂತು ಅಂತ ಕೇಳಿದರೆ ಪುಟ ತಿರುವುತ್ತಾ ಕೂರಬೇಕು. ಅದನ್ನೆಲ್ಲ ಟೈಪ್ ಮಾಡಿಡೋಣ ಅಂದುಕೊಂಡೆ.

ನೆಟ್‌ಬುಕ್ ಕೆಳಗಿಳಿಸಿದಾಗ ಕೀಬೋರ್ಡ್ ಮೇಲೆ ಬಿಳೀ ಬೂಷ್ಟು. ಒರೆಸಿ, ಎರಡು ದಿನ ಒಲೆ ಪಕ್ಕದ ಗೂಡಿನಲ್ಲಿಟ್ಟು, ಆಮೇಲೆ ಆನ್ ಮಾಡಿದೆ. ಬಂತು! ಆದರೆ ಅದರಲ್ಲಿದ್ದ ಹಳೇ ಸಿಸ್ಟಮ್ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದೂ ಇಡಬಹುದಿತ್ತು. ಪೇಟೆಯಲ್ಲಿ ಒಂದು ಅಂಗಡಿಯವನಿಗೆ ತೋರಿಸಿದೆ, "ಸಾರ್, ಇದನ್ನ ಗುಜರಿಗೆ ಹಾಕಿ" ಅಂದ. ಹಾಕಲಿಲ್ಲ.

ಹಾಕಿದ್ದು ಲಿನಕ್ಸ್ ಅನ್ನೋ ಬೇರೆ ಸಿಸ್ಟಮ್, ಅದರಲ್ಲಿ ಡೆಬಿಯನ್ ಅನ್ನೋ ಬಗೆಯ 12ನೇ ಆವೃತ್ತಿ, 32 ಬಿಟ್‌ನದ್ದು. ಎನ್450ಗೆ 64 ಬಿಟ್ ಕೂಡ ಆಗುತ್ತದೆ, ಆದರೆ 1 ಜಿಬಿ ರ‍್ಯಾಮ್‌ನಲ್ಲಿ 32 ಬಿಟ್ ಕಮ್ಮಿ ಮೆಮೊರಿ ತಿನ್ನುತ್ತದೆ. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರೇ ಇಲ್ಲ, ಹಾಗಾಗಿ 12ಕ್ಕೇ ನಿಂತೆ. ನಮ್ಮಲ್ಲಿ ಇಂಟರ್ನೆಟ್ ನಂಬಿಕೊಂಡು ಕೂರೋಕಾಗಲ್ಲ ಅಂತ ಮಡಿಕೇರಿಯಲ್ಲಿ ಗೆಳೆಯನ ಮನೆಯಲ್ಲಿ ಡಿವಿಡಿ ಇಮೇಜನ್ನೇ ಇಳಿಸಿ 8 ಜಿಬಿ ಪೆನ್‌ಡ್ರೈವಿಗೆ ಬರೆದುಕೊಂಡು ಬಂದಿದ್ದೆ. ಡೆಸ್ಕ್‌ಟಾಪಿಗೆ ಹಗುರವಾದ ಎಕ್ಸ್‌ಎಫ್‌ಸಿಇ. ಇನ್‌ಸ್ಟಾಲ್ ಮಾಡಿದ್ದರಲ್ಲಿ ಹೇಳುವಂಥದ್ದೇನಿಲ್ಲ. ಪರದೆಯ ಎತ್ತರ 600 ಪಿಕ್ಸೆಲ್ ಅಷ್ಟೇ ಆದ್ದರಿಂದ, ಆಮೇಲೆ ಕೆಲವು ಸೆಟ್ಟಿಂಗ್ ಕಿಟಕಿಗಳ ಓಕೆ ಬಟನ್ ಕೆಳಗೆ ಕಾಣದೇ ಹೋಗುತ್ತದೆ. ಆಲ್ಟ್ ಒತ್ತಿ ಹಿಡಿದು ಮೌಸ್‌ನಿಂದ ಕಿಟಕಿಯನ್ನೇ ಮೇಲಕ್ಕೆ ಎಳೆಯಿರಿ, ಬಟನ್ ಸಿಗುತ್ತದೆ. ಇದು ಗೊತ್ತಾಗುವ ಮೊದಲು ನಾನು ಟ್ಯಾಬ್ ಎಷ್ಟು ಸಲ ಒತ್ತಬೇಕು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಪರದೆ, ಸೌಂಡು, ಟಚ್‌ಪ್ಯಾಡ್ ಎಲ್ಲ ಮೊದಲ ಸಲಕ್ಕೇ ಸರಿ. ವೈಫೈ ಇಲ್ಲ.

ದೊಡ್ಡಮ್ಮನ ಮಗನ ಹತ್ತಿರ ಇದೇ ಮಾಡೆಲ್ ಇದೆ, ಅವನೂ ಲಿನಕ್ಸ್ ಹಾಕಿದ್ದಾನೆ. ಫೋನ್ ಮಾಡಿದರೆ, "ಅಣ್ಣಾ, ನಾನೇನೂ ಮಾಡಲಿಲ್ಲ, ತಾನಾಗೇ ಬಂತು" ಅಂದ. ಅವನ ಮಾತು ಕೇಳಿ ಅವನದ್ದೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲೋಡ್ ಮಾಡೋಕೆ ಹೋಗಿ ಒಂದು ಸಂಜೆ ಹಾಳು. ಹೊರಗಿನ ಪೆಟ್ಟಿಗೆ, ಸ್ಟಿಕರ್ ಎಲ್ಲ ಒಂದೇ ಇದ್ದರೂ ಒಳಗೆ ಹಾಕಿದ ವೈಫೈ ಕಾರ್ಡ್ ಬೇರೆ ಬೇರೆ ಇರುತ್ತದೆ. ಅವನದ್ದು ಎಟಿಎಚ್9ಕೆ ಡ್ರೈವರಿನಲ್ಲಿ ನಡೆಯುವಂಥದ್ದು. ನನ್ನದು ಯಾವುದು? ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಕಮಾಂಡನ್ನು 'ಎನ್‌ಎನ್' ಆಯ್ಕೆ ಸೇರಿಸಿ ಕೊಟ್ಟೆ. ಆಗ ಹೆಸರಿನ ಪಕ್ಕದಲ್ಲಿ ಚೌಕದ ಕಂಸದೊಳಗೆ ನಂಬರ್ ತೋರಿಸುತ್ತದೆ. 14ಇ4:4315. ಅಂದರೆ ಬಿಸಿಎಂ4312 ಚಿಪ್, ಡ್ರೈವರ್ ಬಿ43. ಹುಡುಕುವುದಾದರೆ ಈ ನಂಬರನ್ನೇ ಹುಡುಕಬೇಕು, ಮಾಡೆಲ್ ಹೆಸರಲ್ಲ.

ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಸಂದೇಶಗಳನ್ನು ತೋರಿಸುವ 'ಡಿಎಂಇಎಸ್‌ಜಿ' ನೋಡಿದರೆ ಅಲ್ಲೇ ಕೆಂಪಕ್ಷರದಲ್ಲಿ ಬರೆದಿತ್ತು, 'ಯುಕೋಡ್15' ಅನ್ನೋ ಫರ್ಮ್‌ವೇರ್ ಫೈಲ್ ಇಲ್ಲ ಅಂತ. ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಆದರೆ ಚಿಪ್‌ನೊಳಗೆ ತುಂಬಬೇಕಾದ ಈ ಫೈಲನ್ನು ಡೆಬಿಯನ್ ತನ್ನ ಡಿಸ್ಕ್‌ನಲ್ಲಿ ಹಂಚುವ ಹಾಗಿಲ್ಲ, ಅದಕ್ಕೆ ಪರವಾನಗಿ ಇಲ್ಲ. 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್' ಅನ್ನೋ ಪ್ಯಾಕೇಜ್ ಇದೆ, ಅದು ನೆಟ್‌ನಿಂದ ಹಳೇ ಡ್ರೈವರ್ ಫೈಲ್ ಇಳಿಸಿ ಅದರೊಳಗಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯುತ್ತದೆ. ನೆಟ್ ಬರಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಬರಬೇಕಾದರೆ ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅನ್ನೋ ಕತೆ.

ದಾರಿ ಸುಲಭದ್ದೇ. ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ನೆಟ್‌ಬುಕ್ಕಿಗೆ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆಯಿತು, ತಂತಿಯ ನೆಟ್‌ವರ್ಕ್ ಅಂತ ತೋರಿಸುತ್ತದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಆ ತುದಿಯಲ್ಲಿ ಮಾತ್ರ. ನೆಟ್‌ಬುಕ್ಕಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿದೆ. ಹಾಗಾಗಿ ಗೋಡೌನಿನಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು, ಕೊಡೆ ಕೆಳಗೆ ಕೂತು ಕಮಾಂಡ್ ಹೊಡೆದೆ. ಅಪ್ಪ ಜಗಲಿಯಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದರು.

ಮತ್ತೂ ಒಂದು ತೊಡಕು. ಡಿವಿಡಿ ಇಮೇಜಿನಿಂದ ಹಾಕಿದ್ದಕ್ಕೆ ಪ್ಯಾಕೇಜ್ ಹಾಕುವ 'ಆಪ್ಟ್' ಪ್ರತಿಸಲ ಡಿಸ್ಕ್ ಹಾಕು ಅನ್ನುತ್ತಿತ್ತು. 'ಸೋರ್ಸಸ್ ಡಾಟ್ ಲಿಸ್ಟ್' ಫೈಲಿನಲ್ಲಿ ಸಿಡಿರಾಮ್ ಸಾಲಿನ ಮುಂದೆ ಹ್ಯಾಶ್ ಹಾಕಿ, ಡೆಬಿಯನ್ ಸರ್ವರ್ ಸಾಲು ಸೇರಿಸಿ, ಅದರ ಕೊನೆಯಲ್ಲಿ 'ಕಾಂಟ್ರಿಬ್' ಅಂತಲೂ ಬರೆಯಬೇಕು. ಇಲ್ಲದಿದ್ದರೆ ಆ ಪ್ಯಾಕೇಜ್ ಕಣ್ಣಿಗೇ ಬೀಳಲ್ಲ.

ರೀಬೂಟ್ ಮಾಡಿದೆ, ವೈಫೈ ಬಂತು. ಐದು ನಿಮಿಷಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಈ ಸಲ 'ಡಿಎಂಇಎಸ್‌ಜಿ'ಯಲ್ಲಿ 'ಫೇಟಲ್ ಡಿಎಂಎ ಎರರ್'. ಈ ಚಿಪ್ ಕೆಲವು ಆಟಮ್ ನೆಟ್‌ಬುಕ್ಕುಗಳಲ್ಲಿ ಹೀಗೇ ತಕರಾರು ಮಾಡುತ್ತದೆ, ಡೇಟಾವನ್ನು ತಾನೇ ನೇರ ಮೆಮೊರಿಗೆ ಹಾಕಲು ಹೋಗಿ ಎಡವುತ್ತದೆ. ಆ ಕೆಲಸವನ್ನು ಪ್ರೊಸೆಸರಿಗೇ ವಹಿಸಬೇಕು. 'ಮೋಡ್‌ಪ್ರೋಬ್ ಡಾಟ್ ಡಿ' ಫೋಲ್ಡರಿನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ ಬಿ43ಗೆ ಎರಡು ಆಯ್ಕೆ ಬರೆದೆ: 'ಪಿಐಒ' 1, 'ಕ್ಯೂಒಎಸ್' 0. ವೇಗ ಕಮ್ಮಿಯಾಯಿತು, ಪ್ರೊಸೆಸರಿಗೆ ಕೆಲಸ ಜಾಸ್ತಿಯಾಯಿತು, ಆದರೆ ಸಂಪರ್ಕ ಕಡಿದಿಲ್ಲ. ನನಗೆ ಅಷ್ಟು ಸಾಕು, ಇದರಲ್ಲಿ ಸಿನಿಮಾ ಯಾರು ನೋಡುತ್ತಾರೆ?

ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿರಲಿಲ್ಲ. ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಫೈಲಿನ ಕರ್ನಲ್ ಸಾಲಿಗೆ 'ಎಸಿಪಿಐ ಬ್ಯಾಕ್‌ಲೈಟ್' ವೆಂಡರ್ ಅಂತ ಸೇರಿಸಿ 'ಅಪ್‌ಡೇಟ್-ಗ್ರಬ್' ಕೊಟ್ಟ ಮೇಲೆ ಸರಿಯಾಯಿತು. ಕನ್ನಡ ಟೈಪಿಂಗಿಗೆ ಐಬಸ್ ಜೊತೆ ಎಂ17ಎನ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಂಡೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇರುವವರಿಗೆ ಅದೇ ಕೈ.

ಈಗ ಸಂಜೆ ಅಪ್ಪ ಪುಸ್ತಕ ಹಿಡಿದು ಓದುತ್ತಾರೆ, "ಎರಡು ಇಂಚು ಹದಿನೈದು ಸೆಂಟು, ಬರಕೊಂಡೆಯಾ?" ನಾನು 2.15 ಅಂತ ಒತ್ತುತ್ತೇನೆ. ಮೆಮೊರಿ ಕಾರ್ಡ್ ರೀಡರ್ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಅದರ ನಂಬರ್ ಬರೆದಿಟ್ಟುಕೊಂಡಿದ್ದೇನೆ, ಮಳೆ ಸ್ವಲ್ಪ ಬಿಟ್ಟ ದಿನ ಮತ್ತೆ ಕಣದ ತುದಿಗೆ ಹೋಗಿ ಕೂರಬೇಕು.