ಸ್ಟ್ಯಾಂಡ್-ಅಪ್ ಜೆಟ್ ಸ್ಕೀ: ಹಲ್ ಒಳಗೆ ಗಾಳಿ ಬರಬೇಕು, ನೀರು ಬರಬಾರದು

ದೊಡ್ಡ ಕಾರ್ಬುರೇಟರ್ ಹಾಕಿಸಿದ್ದೀರಿ, ಎಕ್ಸಾಸ್ಟ್ ಬದಲಿಸಿದ್ದೀರಿ, ಆದರೂ ಫುಲ್ ಥ್ರಾಟಲ್‌ನಲ್ಲಿ ನಿಮ್ಮ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡಿಸುವ ಸ್ಕೂಟರ್, ಎಳೆಯುತ್ತಿಲ್ಲ. ಇನ್ನೂ ದುಡ್ಡು ಸುರಿಯುವ ಮುಂಚೆ ಒಂದು ವಿಷಯ ನೋಡಿ. ಕೂತು ಓಡಿಸುವ ಸ್ಕೀಗಿಂತ ನಿಂತು ಓಡಿಸುವುದರ ಹಲ್, ಅಂದರೆ ದೋಣಿಯಂಥ ಒಡಲು, ಚಿಕ್ಕದು; ಮೇಲಿನ ಮುಚ್ಚಳ, ಅಂದರೆ ಹುಡ್, ಸುತ್ತ ರಬ್ಬರ್ ಗ್ಯಾಸ್ಕೆಟ್ ಕೂತು ಬಿಗಿಯಾಗಿ ಮುಚ್ಚಿರುತ್ತದೆ, ಎಂಜಿನ್ ಉಸಿರಾಡುವುದು ಆ ಮುಚ್ಚಿದ ಡಬ್ಬಿಯೊಳಗಿನ ಗಾಳಿಯನ್ನೇ. ಕಂಪನಿಯವರು ಕೊಟ್ಟ ಗಾಳಿ ಪೈಪ್ ಕಂಪನಿಯ ಎಂಜಿನ್‌ಗೆ ಸಾಕು. ನೀವು ಬದಲಿಸಿದ ಎಂಜಿನ್‌ಗೆ ಸಾಕಾ?

ಇಲ್ಲಿ ಹೇಳುವುದೆಲ್ಲ ಟು-ಸ್ಟ್ರೋಕ್ ಸ್ಕೀಗೆ. 2021ರಿಂದೀಚಿನ ಯಮಹಾ ಸೂಪರ್‌ಜೆಟ್ ಫೋರ್-ಸ್ಟ್ರೋಕ್, ಅದರ ಕಥೆಯೇ ಬೇರೆ.

ಹಳೆಯ ಸೂಪರ್‌ಜೆಟ್‌ನ 701 ಸಿಸಿ ಎಂಜಿನ್ ತಗೊಳ್ಳಿ. 6500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 4500 ಲೀಟರ್, ಅಂದರೆ ಸೆಕೆಂಡಿಗೆ 76 ಲೀಟರ್ ಗಾಳಿ. ನಿಜವಾಗಿ ಸಿಲಿಂಡರ್ ಅಷ್ಟು ತುಂಬುವುದಿಲ್ಲ, ಆದರೆ ಲೆಕ್ಕಕ್ಕೆ ಪೂರ್ತಿಯೇ ಹಿಡಿಯಿರಿ. ಎರಡಿಂಚಿನ ಒಂದೇ ಪೈಪ್‌ನಲ್ಲಿ ಇಷ್ಟು ಗಾಳಿ ಬರಬೇಕಾದರೆ ಪೈಪ್ ಒಳಗೆ ಗಂಟೆಗೆ 130 ಕಿ.ಮೀ. ಮೀರಿದ ವೇಗ ಬೇಕು. ಅಂಥದ್ದೇ ಎರಡು ಪೈಪ್ ಹಾಕಿದರೆ ವೇಗ ಅರ್ಧವಾಗುತ್ತದೆ, ಎಳೆಯುವ ತ್ರಾಸು ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರಿಂಚಿನ ಒಂದು ಪೈಪ್ ಎರಡಿಂಚಿನ ಎರಡಕ್ಕಿಂತ ಸ್ವಲ್ಪ ಜಾಸ್ತಿಯೇ. ನನ್ನ ಅಂದಾಜು ಲೆಕ್ಕ: ಕಾರ್ಬುರೇಟರ್ ಬಾಯಿಗಳ ಒಟ್ಟು ವಿಸ್ತೀರ್ಣದ ಎರಡು ಪಟ್ಟಾದರೂ ಗಾಳಿ ದಾರಿ ಇರಲಿ. 38 ಎಂಎಂ ಕಾರ್ಬುರೇಟರ್ ಎರಡಿದ್ದರೆ ಸುಮಾರು 45 ಚದರ ಸೆಂ.ಮೀ., 44 ಎಂಎಂ ಎರಡಿದ್ದರೆ 60.

ಹಾಗಂತ ಸೀದಾ ಡ್ರಿಲ್ ಹಿಡಿಯಬೇಡಿ. ಮೊದಲು ಎಕ್ಸಾಸ್ಟ್ ರಬ್ಬರ್ ಕಪ್ಲರ್‌ಗಳನ್ನು, ಕ್ಲಾಂಪ್‌ಗಳನ್ನು ನೋಡಿ. ಸಣ್ಣ ಲೀಕ್ ಇದ್ದರೂ ಸುಟ್ಟ ಹೊಗೆ ಹಲ್ ಒಳಗೇ ತುಂಬುತ್ತದೆ, ಎಂಜಿನ್ ಅದನ್ನೇ ತಿರುಗಿ ಎಳೆದುಕೊಳ್ಳುತ್ತದೆ. ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಓಡಿ, ಆಮೇಲೆ ಉಸಿರು ಕಟ್ಟಿದಂತೆ ಬೀಳುತ್ತದೆ. ಹುಡ್ ತೆಗೆದರೆ ಮತ್ತೆ ಸರಿ. ಇದನ್ನು ನೋಡಿ ಗಾಳಿ ಸಾಲುತ್ತಿಲ್ಲ ಎಂದು ತೂತು ಕೊರೆಯುವವರು ಇದ್ದಾರೆ. ಬೇಕಾಗಿದ್ದದ್ದು ಬರೀ ಒಂದು ಕ್ಲಾಂಪ್.

ಲೀಕ್ ಇಲ್ಲ ಅಂತಾದರೆ ಅಳತೆ ಮಾಡಿ. ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಇದೆಯಲ್ಲ, ಅದೇ ಸಾಕು. ಎರಡು ಮೀಟರ್ ತುಂಡು ತಗೊಂಡು U ಆಕಾರದಲ್ಲಿ ಹ್ಯಾಂಡಲ್ ಪೋಲ್‌ಗೆ ಟೇಪ್ ಸುತ್ತಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಹಲ್ ಒಳಗೆ ಬಿಟ್ಟು ಸುತ್ತ ಸಂದು ಮುಚ್ಚಿ, ಇನ್ನೊಂದನ್ನು ಗಾಳಿ ನೇರ ಹೊಡೆಯದ ಕಡೆ ಹೊರಗೆ ಇಡಿ. ನೀರು ಕುಲುಕದಂತೆ ತುದಿಯಲ್ಲಿ ಚೂರು ಹತ್ತಿ ಸಡಿಲವಾಗಿ ತುರುಕಿ. ಅಲೆ ಇಲ್ಲದ ನೀರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು ಎರಡು ಕಡೆಯ ಮಟ್ಟದ ವ್ಯತ್ಯಾಸ ನೋಡಿ. ಎರಡು ಮೂರು ಸೆಂ.ಮೀ. ಇದ್ದರೆ ನಿಮ್ಮ ಸಮಸ್ಯೆ ಬೇರೆಲ್ಲೋ ಇದೆ. 10 ಸೆಂ.ಮೀ. ಅಂದರೆ ಗಾಳಿಯ ಒತ್ತಡ ಸುಮಾರು ಶೇ. 1 ಕಡಿಮೆಯಾದಂತೆ. ಅಷ್ಟೇನಾ ಅನ್ನಿಸಬಹುದು. ಆದರೆ ಅದೇ ಎಳೆತ ಗ್ಯಾಸ್ಕೆಟ್ ಸಂದಿನಿಂದ ನೀರನ್ನೂ ಒಳಗೆ ಹೀರುತ್ತದೆ. 20 ದಾಟಿದರೆ ಕೆಲಸ ಶುರು ಮಾಡಿ.

ಬಿಸಿಯ ಲೆಕ್ಕ ಇನ್ನೂ ದೊಡ್ಡದು. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ತೂಕ ಸುಮಾರು ಶೇ. 3 ಕಡಿಮೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಹೊರಗೇ 40 ಡಿಗ್ರಿ ಇರುವಾಗ ಹಲ್ ಒಳಗೆ ಹೇಗಿರುತ್ತೆ ನೀವೇ ಯೋಚಿಸಿ. ಹಾಗಾಗಿ ಹೊಸ ಗಾಳಿ ಎಕ್ಸಾಸ್ಟ್ ಚೇಂಬರ್ ಸವರಿಕೊಂಡು ಬರಬಾರದು.

ಈಗ ಪೈಪ್. ಇಡೀ ಕೆಲಸದ ಜಾಣತನ ಇರುವುದು ಇಲ್ಲೇ. ಪೈಪ್‌ನ ಹೊರಬಾಯಿ ಮೇಲೆ, ನಡುಗೆರೆಯಲ್ಲಿ, ಹಿಂದಕ್ಕೆ ಮುಖ ಮಾಡಿರಲಿ; ಒಳತುದಿ ಹಲ್ ತಳದಿಂದ ನಾಲ್ಕು ಬೆರಳು ಎತ್ತರದವರೆಗೆ ಇಳಿದಿರಲಿ. ಸ್ಕೀ ಮಗುಚಿದಾಗ ತಳ ಮೇಲಾಗುತ್ತದೆ, ಪೈಪ್‌ನ ಒಳತುದಿಯೂ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ, ಪೈಪ್ ಒಳಗೆ ನೀರು ಅರ್ಧ ಏರಿ ಅಲ್ಲೇ ನಿಲ್ಲುತ್ತದೆ. ಹುಡ್‌ನಲ್ಲಿ ಸುಮ್ನೆ ಒಂದು ತೂತು ಕೊರೆದು ಜಾಲರಿ ಹಾಕಿದರೆ ಒಂದೇ ಮಗುಚಿಗೆ ಹಲ್ ತುಂಬುತ್ತದೆ. ಪೈಪ್ ಒಂದು ಪಕ್ಕಕ್ಕೆ ಸರಿದಿದ್ದರೂ ಸ್ಕೀ ಅಡ್ಡ ಬಿದ್ದಾಗ ಇದೇ ಗತಿ. ಇನ್ನೊಂದು ಲಾಭವೂ ಇದೆ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ, ಕೆಳಗಿನಿಂದ ಹೊಸ ಗಾಳಿ ಬಂದರೆ ಅದು ಅಲ್ಲೇ ನಿಲ್ಲುವುದಿಲ್ಲ.

ಕೊರೆಯುವುದಾದರೆ ಹುಡ್ ಕೊರೆಯಿರಿ, ಹಲ್ ಮುಟ್ಟಬೇಡಿ. ಹುಡ್ ಕೆಟ್ಟರೆ ಇನ್ನೊಂದು ತರಬಹುದು. ಪೈಪನ್ನು ಹುಡ್‌ಗೇ ಜೋಡಿಸಿ, ಎಂಜಿನ್ ಮುಂದೆ, ನಡುಗೆರೆಯಲ್ಲೇ ಇಳಿಯುವಂತೆ ಬಿಡಿ, ಹುಡ್ ಎತ್ತಿದರೆ ಜೊತೆಗೇ ಬರುತ್ತದೆ. ಮುಚ್ಚಿದಾಗ ತಿರುಗುವ ಶಾಫ್ಟ್, ವೈರು, ಬಿಸಿ ಚೇಂಬರ್ ಯಾವುದಕ್ಕೂ ತಾಗಬಾರದು. ಪೈಪ್ ಒಳಮೈ ನುಣುಪಾಗಿರಲಿ; ಸುಕ್ಕು ಸುಕ್ಕಾದ ವೈರಿಂಗ್ ಪೈಪ್ ಗಾಳಿಯನ್ನು ತಡೆಯುತ್ತದೆ. ಹೊಲದ ಪಂಪ್‌ಸೆಟ್ಟಿಗೆ ಬಳಸುವ ಸಕ್ಷನ್ ಪೈಪ್ ಯಾವ ಊರಿನ ಪಂಪ್ ಅಂಗಡಿಯಲ್ಲೂ ಸಿಗುತ್ತದೆ, ಎಳೆತಕ್ಕೆ ಚಪ್ಪಟೆಯಾಗುವುದಿಲ್ಲ, ಅದೇ ಒಳ್ಳೆಯದು. ಪೈಪನ್ನು ಹುಡ್‌ಗೆ ಕೂರಿಸುವ ಫ್ಲೇಂಜ್ ಬೇಕಾದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸದವರಿಗೆ ಚಿತ್ರ ಬರೆದು ಕೊಡಿ, ಅಲ್ಯೂಮಿನಿಯಂನಲ್ಲಿ ಮಾಡಿಕೊಡುತ್ತಾರೆ. ಫೈಬರ್ ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳನ್ನು ಉಸಿರಾಡಬಾರದು, ಮೈಗೆ ತಾಗಿದರೆ ತುರಿಕೆಯೂ ಬೇಗ ಬಿಡುವುದಿಲ್ಲ. ಕತ್ತರಿಸಿದ ಅಂಚಿಗೆ ರೆಸಿನ್ ಬಳಿಯಿರಿ.

ಕಾರ್ಬುರೇಟರ್ ಮೇಲಿನ ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಬರದಂತೆ ತಡೆಯುವ ಜಾಲರಿ) ತೆಗೆದರೆ ಗಾಳಿ ಜಾಸ್ತಿ ಬರುತ್ತೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಪೆಟ್ರೋಲ್ ಆವಿ ತುಂಬಿದ ಡಬ್ಬಿಯಲ್ಲಿ ಒಂದು ಬ್ಯಾಕ್‌ಫೈರ್ ಸಾಕು.

ಗಾಳಿ ಜಾಸ್ತಿಯಾದ ಮೇಲೆ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ತೆಳುವಾಗುತ್ತದೆ, ತೆಳುವಾದರೆ ಪಿಸ್ಟನ್ ಕರಗುತ್ತದೆ. ಮಿಕುನಿ ಎಸ್‌ಬಿಎನ್ ಕಾರ್ಬುರೇಟರ್ ಆದರೆ ಹೈಸ್ಪೀಡ್ ಸ್ಕ್ರೂವನ್ನು ಮೊದಲೇ ಕಾಲು ಸುತ್ತು ಬಿಚ್ಚಿ, ಅಂದರೆ ಪೆಟ್ರೋಲ್ ಜಾಸ್ತಿ ಮಾಡಿ, ಆಮೇಲೆ ನೀರಿಗಿಳಿಯಿರಿ. ಸ್ವಲ್ಪ ದೂರ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಥ್ರಾಟಲ್ ಬಿಡದೇ ಕೈಗೆ ಕಟ್ಟಿದ ಲ್ಯಾನ್ಯಾರ್ಡ್ ದಾರ ಎಳೆದು ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಸರಿ. ಬೆಳ್ಳಗಿದ್ದರೆ ಅವತ್ತು ಓಡಿಸುವುದು ಅಲ್ಲಿಗೇ ನಿಲ್ಲಿಸಿ, ಇನ್ನಷ್ಟು ಬಿಚ್ಚಿ. ಕಾರವಾರದ ಸಮುದ್ರದಲ್ಲಿ ಸೆಟ್ ಮಾಡಿದ ಸ್ಕೀ ಆಲಮಟ್ಟಿಯಲ್ಲಿ ಕಪ್ಪು ಪ್ಲಗ್, ಅಂದರೆ ಪೆಟ್ರೋಲ್ ಜಾಸ್ತಿಯಾದ ಗುರುತು, ತೋರಿಸಬಹುದು: ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 519.6 ಮೀಟರ್ ಎತ್ತರ, ಅಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 6 ತೆಳು. ಅದಕ್ಕೂ ಹಲ್‌ಗೂ ಸಂಬಂಧವಿಲ್ಲ. ಇಲ್ಲಿಯ ಸೆಟ್ಟಿಂಗ್ ಇಟ್ಟುಕೊಂಡು ವಾಪಸ್ ಸಮುದ್ರಕ್ಕೆ ಹೋಗಬೇಡಿ, ಅಷ್ಟೇ.

ಜಲಾಶಯದಲ್ಲಿ ಓಡಿಸುವ ಮುಂಚೆ ಅನುಮತಿ ಕೇಳಿ. ಆಲಮಟ್ಟಿಯಾದರೆ ಕೃಷ್ಣಾ ಭಾಗ್ಯ ಜಲ ನಿಗಮ. ಮೊದಲ ದಿನ ದಡದ ಹತ್ತಿರವೇ ಇರಿ, ಲೈಫ್ ಜಾಕೆಟ್ ಹಾಕಿ, ಎಂಜಿನ್ ಆಫ್ ಮಾಡಿ ಬೇಕಂತಲೇ ಸ್ಕೀ ಒಮ್ಮೆ ಮಗುಚಿ. ಎತ್ತುವಾಗ ಹಿಂದಿನ ಸ್ಟಿಕ್ಕರ್‌ನಲ್ಲಿ ಬಾಣ ಯಾವ ಕಡೆ ಇದೆಯೋ ಆ ಕಡೆಗೇ ತಿರುಗಿಸಿ. ಆಮೇಲೆ ದಡಕ್ಕೆ ತಂದು ಹುಡ್ ತೆಗೆದು, ಒಳಗೆ ಎಷ್ಟು ನೀರಿದೆ ನೋಡಿ. ಒಂದೆರಡು ಲೋಟ ಪರವಾಗಿಲ್ಲ, ಒಳಗಿನ ನೀರು ಹೊರಹಾಕುವ ಬಿಲ್ಜ್ ಪಂಪ್ ನೋಡಿಕೊಳ್ಳುತ್ತದೆ. ಬಕೆಟ್ ತುಂಬುವಷ್ಟಿದ್ದರೆ ಪೈಪ್‌ನ ಒಳತುದಿ ಇನ್ನೂ ಕೆಳಗಿಳಿಯಬೇಕು, ಇಲ್ಲಾ ಫ್ಲೇಂಜ್ ಸೀಲ್ ಬಿಟ್ಟಿದೆ.